ಅಣ್ಣನ ಮನೆಯೋ, ಹುಬ್ಬಳ್ಳಿಯೋ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು, ವಯಸ್ಸು 43. ಎರಡು ವರ್ಷದ ಹಿಂದೆ ತೋಟದಲ್ಲಿ ಸೋಗೆಯ ತುದಿ ಬಲಗಣ್ಣಿಗೆ ಬಡಿದು ಫಂಗಸ್ ಹುಣ್ಣಾಯಿತು. ಹುಣ್ಣು ಮಾಯಿತು, ಕರಿಗುಡ್ಡೆಯ ಮೇಲೆ ಬಿಳಿ ಹೂ ಉಳಿಯಿತು. ಈಗ ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮುಂದಿನ ಗಾಜಿನಂಥ ಹೊದಿಕೆ, ಬದಲಿಸಬೇಕಂತೆ. ಹುಬ್ಬಳ್ಳಿಯ ಡಾಕ್ಟರು ತಾವೇ ಮಾಡುತ್ತೇವೆ ಎಂದಿದ್ದಾರೆ. ಬೆಂಗಳೂರಿನ ಅಣ್ಣ ‘ದೊಡ್ಡ ಆಸ್ಪತ್ರೆಗೇ ಬಾ, ನಮ್ಮನೆಯಲ್ಲೇ ಇರು’ ಎಂದು ಹಟ ಹಿಡಿದಿದ್ದಾನೆ. ಆಸ್ತಿ ಪಾಲಾದಾಗಿನಿಂದ ಅತ್ತಿಗೆಗೂ ನನಗೂ ಅಷ್ಟಕ್ಕಷ್ಟೆ. ಬೇಡ ಎಂದರೆ ಅಣ್ಣನಿಗೆ ಬೇಜಾರು. ಯಜಮಾನರು ‘ಅಡಿಕೆ ಕೊನೆಕೊಯ್ಲು ಮುಗಿಯಲಿ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ತಂಗೀ, ಜಾಗ ಸಾಲದೆ ನಿಮ್ಮ ಪತ್ರವನ್ನು ಮೊಟಕು ಮಾಡಿದ್ದೇನೆ. ಮೂಲದಲ್ಲಿ ಕಣ್ಣಿನ ಬಗ್ಗೆ ಆರು ಸಾಲು, ಅತ್ತಿಗೆ ಬಗ್ಗೆ ಎರಡು ಪುಟ ಇತ್ತು! ಮೊದಲು ಕಣ್ಣಿನ ವಿಷಯ ಮುಗಿಸೋಣ.

ಅಣ್ಣ ಯೋಚಿಸುತ್ತಿರುವುದು ಆಪರೇಷನ್ ದಿನದ ಬಗ್ಗೆ. ನೀವು ಯೋಚಿಸಬೇಕಾದ್ದು ಅದರ ನಂತರದ ಒಂದು ವರ್ಷದ ಬಗ್ಗೆ. ಇಡೀ ಕಾರ್ನಿಯಾ ಬದಲಿಸಿದರೆ ಕೂದಲಿಗಿಂತ ಸಣ್ಣ ನೈಲಾನ್ ದಾರದ ಹೊಲಿಗೆಗಳು ತಿಂಗಳುಗಟ್ಟಲೆ, ಕೆಲವು ವರ್ಷ ದಾಟಿಯೂ ಕಣ್ಣಲ್ಲೇ ಇರುತ್ತವೆ. ಒಂದು ಸಡಿಲವಾದರೂ ಸೋಂಕು ಹತ್ತಬಹುದು. ಸ್ಟಿರಾಯ್ಡ್ ಹನಿ ತಿಂಗಳಾನುಗಟ್ಟಲೆ ಹಾಕಬೇಕು, ಅದರಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ನೋವೇನೂ ಇರೋದಿಲ್ಲ, ಅಳೆದರೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಭಾವನ ಕಥೆ ಹೇಳುತ್ತೇನೆ. ದೂರದ ಊರಲ್ಲಿ ಆಪರೇಷನ್, ಚೆನ್ನಾಗೇ ಆಗಿತ್ತು. ಐದನೇ ತಿಂಗಳು ಒಂದು ಭಾನುವಾರ ಕಣ್ಣು ಕೆಂಪಾಯಿತು. ‘ಮದ್ರಾಸ್ ಐ ಇರಬೇಕು, ಇಷ್ಟಕ್ಕೆಲ್ಲ ಅಷ್ಟು ದೂರ ಯಾರು ಹೋಗ್ತಾರೆ’ ಎಂದು ಮೆಡಿಕಲ್ ಶಾಪಿನ ಹನಿ ಹಾಕಿಕೊಂಡು ಆರು ದಿನ ಕಳೆದರು. ಆದರೆ ಅದು ಮೈ ಹೊಸ ಕಾರ್ನಿಯಾವನ್ನು ಒಪ್ಪದೆ ತಿರಸ್ಕರಿಸುತ್ತಿದ್ದ ಲಕ್ಷಣ. ಬೇಗ ಹೋಗಿದ್ದರೆ ಉಳಿಯುವ ಸಾಧ್ಯತೆ ಇತ್ತು. ಕಣ್ಣು ಮತ್ತೆ ಮಂಜಾಯಿತು. ಕೆಂಪು, ಬೆಳಕು ಚುಚ್ಚುವುದು, ಮಸುಕು, ನೋವು: ಈ ನಾಲ್ಕರಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಹಾಗಾಗಿ ನನ್ನ ಒಲವು ಹುಬ್ಬಳ್ಳಿ ಕಡೆಗೆ. ಶಿರಸಿಯಿಂದ ಮೂರು ತಾಸಿನ ದಾರಿ, ಘಟ್ಟ ಇಳಿಯುವ ಗೋಜಿಲ್ಲ. (ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕೆಂದಿರುವ ಓದುಗರು ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು.)

ಆದರೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಸುಮ್ನೆ ಒಪ್ಪಿಕೊಳ್ಳಬೇಡಿ. ಆ ಡಾಕ್ಟರು ಕಾರ್ನಿಯಾದಲ್ಲೇ ವಿಶೇಷ ತರಬೇತಿ ಪಡೆದವರಾ, ಅಥವಾ ಪೊರೆ ಆಪರೇಷನ್ ನಡುವೆ ಅಪರೂಪಕ್ಕೊಮ್ಮೆ ಇದನ್ನೂ ಮಾಡುವವರಾ? ಕಳೆದ ವರ್ಷ ಎಷ್ಟು ಮಾಡಿದ್ದೀರಿ ಎಂದು ಕೇಳಿ. ಒಳ್ಳೆ ಡಾಕ್ಟರು ಬೇಸರಿಸಿಕೊಳ್ಳುವುದಿಲ್ಲ. ಹೂವಿನ ಜಾಗಕ್ಕೆ ರಕ್ತನಾಳ ಬೆಳೆದಿದೆಯಾ ಅಂತಲೂ ಕೇಳಿ, ಬೆಳೆದಿದ್ದರೆ ತಿರಸ್ಕಾರದ ಭಯ ಜಾಸ್ತಿ. ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ನೋಡಿದ್ದಾರಾ? ಕೆಲವರಿಗೆ ಅಷ್ಟರಲ್ಲೇ ದೃಷ್ಟಿ ಸಾಕಷ್ಟು ಸುಧಾರಿಸುತ್ತದೆ.

ಮುಖ್ಯ ಪ್ರಶ್ನೆ ಬೇರೆಯೇ ಇದೆ. ಹೂ ಎಷ್ಟು ಆಳಕ್ಕಿಳಿದಿದೆ? ಕಾರ್ನಿಯಾದ ದಪ್ಪವೇ ಸುಮಾರು ಅರ್ಧ ಮಿಲಿಮೀಟರು, ಅದರಲ್ಲೂ ಪದರಗಳಿವೆ. ತೀರಾ ಒಳಗಿನ ಪದರ ಚೆನ್ನಾಗಿದ್ದರೆ ಮುಂಭಾಗ ಮಾತ್ರ ಬದಲಿಸಬಹುದು, ಇದಕ್ಕೆ ‘ಡಾಲ್ಕ್’ ಅನ್ನುತ್ತಾರೆ. ಒಳಪದರ ನಿಮ್ಮದೇ ಉಳಿಯುವುದರಿಂದ ತಿರಸ್ಕಾರದ ಅಪಾಯ ಕಡಿಮೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ಕು ಜನಕ್ಕೆ ಬೆಳಕಾದದ್ದು ಹೀಗೆ ಪದರ ಬಿಡಿಸಿದ್ದರಿಂದಲೇ. ಹುಬ್ಬಳ್ಳಿಯ ಡಾಕ್ಟರಿಗೆ ಇದು ರೂಢಿ ಇದೆಯಾ ತಿಳಿದುಕೊಳ್ಳಿ.

ಈ ಒಂದು ವಿಷಯಕ್ಕೆ ಬೆಂಗಳೂರಿಗೆ ಹೋಗಿಬನ್ನಿ. ಎರಡನೇ ಅಭಿಪ್ರಾಯಕ್ಕೆ, ಎರಡೇ ರಾತ್ರಿ, ಅಣ್ಣನ ಮನೆಯಲ್ಲೇ. ಅಲ್ಲಿನ ಡಾಕ್ಟರೂ ಹುಬ್ಬಳ್ಳಿಯವರು ಹೇಳಿದ್ದನ್ನೇ ಹೇಳಿದರೆ ಅಣ್ಣನ ಬಾಯಿ ತಾನಾಗೇ ಮುಚ್ಚುತ್ತದೆ. ಬರುವುದನ್ನು ಅತ್ತಿಗೆಗೆ ನೀವೇ ಫೋನ್ ಮಾಡಿ ಹೇಳಿ, ಅಣ್ಣನ ಮೂಲಕ ಬೇಡ. ‘ಬುಧವಾರ ಬಂದು ಶುಕ್ರವಾರ ಹೊರಡ್ತೇನೆ’ ಎಂದು ದಿನ ಗೊತ್ತಾದರೆ ಯಾರಿಗೂ ಭಾರ ಅನ್ನಿಸುವುದಿಲ್ಲ. ಪಾಲಿನ ಮಾತು ಅವತ್ತು ಎತ್ತಬೇಡಿ.

ಯಜಮಾನರ ಮಾತನ್ನು ತಳ್ಳಿಹಾಕಲಾರೆ. ಮಾಯ್ದ ಹೂ ಎರಡು ತಿಂಗಳು ಕಾದೀತು. ಆದರೆ ಕಾರ್ನಿಯಾ ನಮ್ಮ ಕೊಯ್ಲು ನೋಡಿಕೊಂಡು ಬರೋದಿಲ್ಲ. ಯಾರೋ ದಾನ ಮಾಡಬೇಕು, ನೇತ್ರ ಬ್ಯಾಂಕಿನವರು ಪರೀಕ್ಷಿಸಬೇಕು, ಆಮೇಲೆ ‘ನಾಳೆ ಬನ್ನಿ’ ಎಂದು ಫೋನ್ ಬರುತ್ತದೆ. ಹೆಸರು ಈಗಲೇ ಬರೆಸಿ, ಯಾವ ತಿಂಗಳಿಂದ ಸಿದ್ಧ ಎಂದು ಹೇಳಿಡಿ, ಬ್ಯಾಗ್ ಕಟ್ಟಿಡಿ. ಆಪರೇಷನ್ ಆದಮೇಲೆ ಒಂದು ವಾರ ಆಸ್ಪತ್ರೆ ಹತ್ತಿರವೇ ರೂಮ್ ಮಾಡಿ. ಶಿರಸಿಯ ನಿಮ್ಮ ಕಣ್ಣಿನ ಡಾಕ್ಟರಿಗೆ ಮೊದಲೇ ಹೇಳಿಟ್ಟು, ಹುಬ್ಬಳ್ಳಿಯವರಿಂದ ಅವರಿಗೊಂದು ಚೀಟಿ ಬರೆಸಿಕೊಳ್ಳಿ. ನಡುನಡುವೆ ಒತ್ತಡ ಅಳೆಯಲು, ಹೊಲಿಗೆ ನೋಡಲು ಅವರೇ ಸಾಕು.

ಮನೆಗೆ ಬಂದಮೇಲೆ ಹನಿ ಹಾಕುವ ಕೆಲಸ ಮಗಳಿಗೆ ಕೊಡಿ. ಹಾಲಿನಂತೆ ಬೆಳ್ಳಗಿರುವ ಹನಿಯ ಬಾಟಲಿಯನ್ನು ಪ್ರತಿ ಸಲ ಕುಲುಕಬೇಕು, ಇಲ್ಲದಿದ್ದರೆ ಔಷಧ ತಳದಲ್ಲೇ ಉಳಿಯುತ್ತದೆ. ಎರಡು ಹನಿಗಳ ನಡುವೆ ಐದು ನಿಮಿಷ ಬಿಡಿ. ಮಲಗುವಾಗ ಪ್ಲಾಸ್ಟಿಕ್ ಕವಚ. ಬಚ್ಚಲ ಒಲೆ ಊದುವುದು, ಅಡಿಕೆ ಸುಲಿಯುವ ದೂಳಲ್ಲಿ ಕೂರುವುದು ಡಾಕ್ಟರು ಹೂಂ ಅನ್ನುವವರೆಗೆ ಬೇಡ.

ಹಾಲು ಕರೆಯುವುದಂತೂ ಬೇಡವೇ ಬೇಡ. ಇಡೀ ಕಾರ್ನಿಯಾ ಬದಲಿಸಿದ ಕಣ್ಣಿನ ಗಾಯ ವರ್ಷಗಳ ನಂತರವೂ ಒಂದು ಏಟಿಗೆ ಬಿಚ್ಚಿಕೊಳ್ಳಬಹುದು, ಆಕಳ ಬಾಲ ಹೇಳಿ ಕೇಳಿ ಬೀಸೋದಿಲ್ಲ. ಈಗಿಂದಲೇ ಯಜಮಾನರನ್ನು ಕೊಟ್ಟಿಗೆಗೆ ಕಳಿಸಿ. ಹೊಸ ಕೈ ರೂಢಿಯಾಗಲು ಆಕಳಿಗೂ ಸ್ವಲ್ಪ ದಿನ ಬೇಕಲ್ವಾ?