ಡಿಯರ್ ಕಸ್ಟಮರ್ ಮತ್ತು 'ರೀ'

ಈ ಪ್ರಕರಣದ ಹಿರಿಯರ ಹೆಸರು ಹೇಳುವ ಹಾಗಿಲ್ಲ. ಅವರ ತಕರಾರು ಇದ್ದದ್ದೇ ತಮ್ಮ ಹೆಸರನ್ನು ಯಾರೂ ಬರೆಯುವುದಿಲ್ಲ ಎಂದು. "ನಾನೂ ಹೆಸರಿಲ್ಲದೆಯೇ ಬರೀತೀನಿ, ಪರವಾಗಿಲ್ಲವಾ?" ಎಂದು ಕೇಳಿದಾಗ ನಕ್ಕು ಒಪ್ಪಿಗೆ ಕೊಟ್ಟರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಊರಿನವರು ಕರೆಯುತ್ತಿದ್ದಂತೆ ಪೋಸ್ಟ್ ಮಾಸ್ತರು ಎನ್ನೋಣ.

ವಯಸ್ಸು 69. ಮಲೆನಾಡಿನ ಒಂದು ಹೋಬಳಿಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಹತ್ತು ತಿಂಗಳಾಗಿತ್ತು. ಊರ ಮನೆಗೆ ಬೀಗ ಹಾಕಿಸಿ ಮಗ ಬೆಂಗಳೂರಿಗೆ ಕರೆತಂದಿದ್ದ. ನನ್ನ ಹತ್ತಿರ ಆಪ್ತಸಲಹೆಗೆ ಕರೆದುಕೊಂಡು ಬಂದದ್ದು ಸೊಸೆ. "ಮಾವ ಸ್ನಾನ, ಕಾಫಿ ಮುಗಿಸಿ ಟ್ಯಾಬ್ ಹಿಡಿದು ಕೂತರೆ ಹನ್ನೊಂದು ಗಂಟೆವರೆಗೂ ಏಳಲ್ಲ ಮೇಡಂ. ಬಂದ ಜಾಹೀರಾತಿಗೆಲ್ಲ ಉತ್ತರ ಬರೀತಾರೆ. ಬೈದು ಬರೀತಾರೆ."

ಮಾಸ್ತರು ಅಲ್ಲಗಳೆಯಲಿಲ್ಲ, ಹೆಮ್ಮೆಯಿಂದಲೇ ತೋರಿಸಿದರು. ಸೈಟು, ವಿಮೆ, ಕ್ರೆಡಿಟ್ ಕಾರ್ಡು, ಮಂಡಿನೋವಿನ ಎಣ್ಣೆ, ಎಲ್ಲ 'ಡಿಯರ್ ಕಸ್ಟಮರ್', 'ಡಿಯರ್ ಸರ್ ಆರ್ ಮೇಡಂ'. ಪ್ರತಿಯೊಂದಕ್ಕೂ ಅವರ ಇಲಾಖಾ ಇಂಗ್ಲಿಷಿನಲ್ಲಿ ಉತ್ತರ: ನಾನು ನಿಮ್ಮ ಡಿಯರೂ ಅಲ್ಲ, ಕಸ್ಟಮರೂ ಅಲ್ಲ, ಸರ್ರೋ ಮೇಡಮ್ಮೋ ಎಂದು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಬರೆಯಿರಿ. ಅರ್ಧಕ್ಕರ್ಧ ಉತ್ತರಗಳು ತಲುಪದೆ ವಾಪಸ್ಸು ಬರುತ್ತಿದ್ದವು, ಕಳಿಸಿದ ವಿಳಾಸಗಳೇ 'ನೋ ರಿಪ್ಲೈ'. ಅದು ಅವರನ್ನು ಇನ್ನಷ್ಟು ಕೆರಳಿಸಿತ್ತು. "ವಿಳಾಸ ಸಿಗದ ಕಾಗದವನ್ನೂ ನಾವು ಬಿಸಾಡ್ತಿರಲಿಲ್ಲ. ರಿಟರ್ನ್ಡ್ ಲೆಟರ್ ಆಫೀಸಿಗೆ ಕಳಿಸ್ತಿದ್ವಿ. ಅಲ್ಲಿ ಕವರ್ ಒಡೆದು, ಒಳಗೆ ಯಾರದಾದರೂ ವಿಳಾಸ ಸಿಗುತ್ತಾ ಅಂತ ನೋಡೋರು. ಇವರು ಕಾಗದ ಬರೀತಾರೆ, ಉತ್ತರ ಬೇಡ ಅಂತಾರೆ. ಇದ್ಯಾವ ಸೀಮೆ ಟಪಾಲು?"

ಹೆಸರು ಹಾಕಿ ಬಂದ ಮೇಲ್‌ಗಳ ಕಥೆ ಇನ್ನೂ ವಿಚಿತ್ರ. ನಮ್ಮ ಕಡೆಯವರ ಇನಿಷಿಯಲ್ಲು ಈ ಯಂತ್ರಗಳಿಗೆ ಅರ್ಥವಾಗುವುದಿಲ್ಲ. ಫಾರ್ಮಿನಲ್ಲಿ 'ಮೊದಲ ಹೆಸರು' ಎಂಬ ಖಾನೆಗೆ ಏನು ಬಿತ್ತೋ ಅದಕ್ಕೇ ನಮಸ್ಕಾರ. ಒಂದು ಕಂಪನಿ ಅವರನ್ನು 'ಹಾಯ್ ಎಚ್' ಎಂದಿತ್ತು. ಇನ್ನೊಂದು, ಇನಿಷಿಯಲ್ ಬಿಡಿಸಿ ಬರೆದ ಯಾವುದೋ ದಾಖಲೆಯಿಂದ ಎತ್ತಿಕೊಂಡು, ಅವರ ತಂದೆಯ ಹೆಸರಿಗೆ ಹುಟ್ಟುಹಬ್ಬದ ಶುಭಾಶಯ ಕಳಿಸಿತ್ತು. ತಂದೆ ಹೋಗಿ 30 ವರ್ಷದ ಮೇಲಾಗಿದೆ.

ಇಷ್ಟೇ ಆಗಿದ್ದರೆ ಸೊಸೆ ನನ್ನ ತನಕ ಬರುತ್ತಿರಲಿಲ್ಲ. ಹಿಂದಿನ ವಾರ ಒಂದು ಮೇಲ್ ಬಂದಿತ್ತು. ಇನಿಷಿಯಲ್ ಸರಿಯಿತ್ತು, ಹೆಸರು ಸರಿಯಿತ್ತು, ಹಿಂದೆ 'ಶ್ರೀ', ಮುಂದೆ 'ಅವರಿಗೆ', ನಿವೃತ್ತಿಯ ಹುದ್ದೆಯೂ ಸರಿ. ಜೀವಿತ ಪ್ರಮಾಣ ಪತ್ರ ನವೀಕರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ, ಇಲ್ಲಿ ಒತ್ತಿ. ಮಾಸ್ತರು ಒತ್ತಿದರು. ಖಾತೆ ಸಂಖ್ಯೆ ತುಂಬಿದರು. ಓಟಿಪಿ ಬಂದಾಗ ಕನ್ನಡಕ ಸಿಗದೆ "ಇದು ಎಷ್ಟು ನೋಡಮ್ಮ" ಎಂದು ಸೊಸೆಗೆ ಫೋನ್ ಕೊಟ್ಟದ್ದರಿಂದ ದುಡ್ಡು ಉಳಿಯಿತು. ಅವಳು ಕೂಡಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದ್ದಳು.

"ಯಾಕೆ ನಂಬಿದಿರಿ?" ಎಂದು ಕೇಳಿದೆ.

"ಅಷ್ಟು ನೆಟ್ಟಗೆ ನನ್ನ ಹೆಸರು ಬರೆದವರು ಈ ವರ್ಷದಲ್ಲಿ ಅದೊಬ್ಬರೇ."

ನಿದ್ದೆ, ಊಟ, ತೂಕ ವಿಚಾರಿಸಿದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತದೆ, ಆದರೆ ಮತ್ತೆ ನಿದ್ದೆ ಹತ್ತುತ್ತದೆ. ಊಟ ಕಡಿಮೆ, ಬಿಟ್ಟಿಲ್ಲ. ಬದುಕು ಸಾಕು ಎನ್ನುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ, ಇಲ್ಲ ಎಂದರು. ಔಷಧಿ ಬೇಕಾದ ಖಿನ್ನತೆ ಎನಿಸಲಿಲ್ಲ. ಆದರೂ ರಾತ್ರಿ ಹೊತ್ತು ಕಷ್ಟವಾದರೆ ಯಾವ ಗಳಿಗೆಯಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದೆಂದು ಮಗನಿಗೂ ಹೇಳಿಟ್ಟೆ.

ಎರಡನೇ ಭೇಟಿಯಲ್ಲಿ ನಾನು ಸ್ವಲ್ಪ ಜಾಣತನ ತೋರಿಸಲು ಹೋದೆ. ಗದ್ದಲದ ನಡುವೆಯೂ ನಮ್ಮ ಹೆಸರು ನಮಗೆ ಕೇಳಿಸಿಬಿಡುತ್ತದೆ ಎಂಬುದು ಮನಃಶಾಸ್ತ್ರದವರಿಗೆ ಹಳೆಯ ವಿಷಯ. 1959ರಲ್ಲಿ ನೆವಿಲ್ ಮೊರೆ ಎಂಬಾತ, ಒಂದು ಕಿವಿಯ ಮಾತನ್ನಷ್ಟೇ ಗಮನಿಸಿ ಎಂದು ಜನರನ್ನು ಕೂರಿಸಿ, ಇನ್ನೊಂದು ಕಿವಿಗೆ ಅವರ ಹೆಸರು ಹೇಳಿಸಿದ. ಆ ಕಿವಿಯ ಬೇರೆ ಯಾವ ಮಾತೂ ಒಳಗೆ ಇಳಿಯದಿದ್ದಾಗಲೂ ಹೆಸರು ಹಲವರಿಗೆ ತಟ್ಟಿತು. ಇದನ್ನೆಲ್ಲ ವಿವರಿಸಿ, "ನಿಮ್ಮ ಹೆಸರು ಹಿಡಿದು ಕರೆಯುತ್ತಿದ್ದ ಜೀವ ಹೋಯಿತು. ಆ ಕೋಪ 'ಡಿಯರ್ ಕಸ್ಟಮರ್' ಮೇಲೆ ಹೋಗುತ್ತಿದೆ" ಎಂದೆ.

ಮಾಸ್ತರು ನನ್ನನ್ನು ಕನಿಕರದಿಂದ ನೋಡಿದರು. "ಮೇಡಂ, ಅವಳು ನಲವತ್ತೊಂದು ವರ್ಷ ನನ್ನ ಹೆಸರೇ ಹೇಳಲಿಲ್ಲ. ಜನಗಣತಿಯವರು ಯಜಮಾನರ ಹೆಸರೇನು ಅಂದರೆ ಮಗನ ಕಡೆ ಕೈ ತೋರಿಸೋಳು. 'ರೀ'. ಅಷ್ಟೇ."

ನನ್ನ ಸಿದ್ಧಾಂತ ಅಲ್ಲಿಗೆ ಮುಗಿಯಿತು. 'ರೀ' ಎಂದು ಕಂಡಕ್ಟರನ್ನೂ ಕರೆಯುತ್ತೇವೆ, ದಾರಿಗೆ ಅಡ್ಡ ನಿಂತವರನ್ನೂ ಕರೆಯುತ್ತೇವೆ. ಅದಕ್ಕಿಂತ ಹೆಸರಿಲ್ಲದ ಸಂಬೋಧನೆ ನಮ್ಮ ಭಾಷೆಯಲ್ಲೇ ಇಲ್ಲ. ಆದರೆ ಅಡುಗೆಮನೆಯಿಂದ ಆ ಒಂದಕ್ಷರ ಬಂದರೆ ಅದು ಯಾರಿಗೆ ಎಂದು ಇಡೀ ಮನೆಗೆ ಗೊತ್ತು. ಉಪ್ಪು ಮುಗಿದಿದೆಯೋ ಸಿಟ್ಟು ಬಂದಿದೆಯೋ ಎಂಬುದೂ ಅದರ ಎಳೆತದಲ್ಲೇ ಗೊತ್ತು.

ಅಲ್ಲಿಂದ ಮಾತು ಅವರ ಕಡೆಗೆ ತಿರುಗಿತು. ಹಳೆಯ ತಂತಿ ಸಂದೇಶಗಳ ಬಗ್ಗೆ ಅವರೇ ಹೇಳಿದರು. ಮದುವೆ, ಹಬ್ಬದ ಶುಭಾಶಯಗಳಿಗೆ ಇಲಾಖೆಯದೇ ಸಿದ್ಧ ವಾಕ್ಯಗಳ ಪಟ್ಟಿ ಇತ್ತು. ಕಳಿಸುವವರು ನಂಬರ್ ಬರೆದರೆ ಸಾಕು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಒಂದೇ ವಾಕ್ಯ ದೇಶದ ಎಲ್ಲ ಮದುವೆಮನೆಗೂ. "ಅದನ್ನೇ ಚಪ್ಪರದಲ್ಲಿ ಗಟ್ಟಿಯಾಗಿ ಓದಿಸೋರು, ಟ್ರಂಕಿನಲ್ಲಿ ಎತ್ತಿಡೋರು. ಡೆಲ್ಲಿಯಿಂದ ಅಣ್ಣ ಕಾಸು ಕೊಟ್ಟು ಕಳಿಸಿದಾನೆ ಅಂತ." ಸ್ವಲ್ಪ ತಡೆದು, "ಇವರಿಗೆ ಕಾಸೂ ಖರ್ಚಿಲ್ಲ, ನಾನು ಯಾರು ಅಂತಲೂ ಗೊತ್ತಿಲ್ಲ" ಎಂದರು.

ಸಮಸ್ಯೆಯ ಗಂಟು ಅವರೇ ಬಿಚ್ಚಿದ್ದರು. ನಾನು ಒಂದು ಸುದ್ದಿ ಸೇರಿಸಿದೆ: ಅವರು ಕೆಲಸಕ್ಕೆ ಸೇರಿದ ಮರುವರ್ಷ, 1978ರ ಮೇ 3ರಂದು, ಅಮೆರಿಕದ ಗ್ಯಾರಿ ಥರ್ಕ್ ಎಂಬ ಮಾರಾಟದ ಅಧಿಕಾರಿ ಕಂಪ್ಯೂಟರ್ ಮಾರಲು ಸುಮಾರು 400 ಜನಕ್ಕೆ ಒಂದೇ ಓಲೆ ಕಳಿಸಿದ. ಕೇಳದೆ ಬಂದ ಜಾಹೀರಾತು ಈಮೇಲ್‌ಗಳ ಮೂಲಪುರುಷ ಎಂದು ಅವನನ್ನೇ ಹೇಳುತ್ತಾರೆ. ಬೈಗುಳವೂ ಬಂತು, ಯಂತ್ರಗಳೂ ಮಾರಾಟವಾದವು. ಆದ್ದರಿಂದಲೇ ಅದು ನಿಲ್ಲಲಿಲ್ಲ. "ಅಂದರೆ ಬೈದು ಬರೆದರೂ ಅವನಿಗೆ ಲಾಭವೇ!" ಎಂದು ಮಾಸ್ತರು ತೊಡೆ ತಟ್ಟಿಕೊಂಡರು.

ಹೌದು, ನಾನು ಕೊಟ್ಟ ಮೊದಲ ಸಲಹೆಯೇ ಅದು. ಉತ್ತರಿಸಬೇಡಿ. ಆ ಕಡೆ ಓದುವ ಮನುಷ್ಯರಿಲ್ಲ. ವಂಚಕರಾಗಿದ್ದರೆ ಈ ವಿಳಾಸದಲ್ಲಿ ಜೀವ ಇದೆ ಎಂದು ನಾವೇ ತಿಳಿಸಿದ ಹಾಗೆ. ನೀವು ಒಮ್ಮೆ ವ್ಯವಹರಿಸಿದ ಅಂಗಡಿ, ಬ್ಯಾಂಕು ಕಳಿಸಿದ್ದಾದರೆ ಅಡಿಯಲ್ಲಿರುವ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗುರುತೇ ಇಲ್ಲದವರದ್ದಾದರೆ ಅದನ್ನೂ ಒತ್ತಬೇಡಿ, ಸ್ಪ್ಯಾಮ್‌ಗೆ ಹಾಕಿ.

ಎರಡನೆಯದು ಅವರಿಗೆ ಕಹಿಯಾಯಿತು. ಹೆಸರಿಲ್ಲದ ಮೇಲ್ ಬಗ್ಗೆ ಅನುಮಾನ ಒಳ್ಳೆಯದೇ, ಆದರೆ ಹೆಸರಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಹೆಸರು, ಹುದ್ದೆ, ಫೋನ್ ನಂಬರ್ ಪಟ್ಟಿಗಟ್ಟಲೆ ಸೋರಿ ಮಾರಾಟವಾಗುವ ಕಾಲ. ಸಂಬೋಧನೆ ನೋಡಬೇಡಿ, ಕಳಿಸಿದವರ ವಿಳಾಸದಲ್ಲಿ 'ಅಟ್' ಚಿಹ್ನೆಯ ನಂತರ ಏನಿದೆ ನೋಡಿ. ಅದೂ ಸರಿ ಕಂಡರೂ ದುಡ್ಡು, ಪಿಂಚಣಿಯ ಮಾತಿದ್ದರೆ ಮೇಲ್‌ನಲ್ಲಿರುವ ಕೊಂಡಿ ಒತ್ತದೆ, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ಫೋನ್ ಮಾಡಿ ಅಥವಾ ನಡೆದು ಹೋಗಿ. "ಸೀಲು ನೋಡಿ ಅಂತೀರಿ" ಎಂದರು ಮಾಸ್ತರು. ನಾನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ಸೊಸೆಯ ಜತೆ ಬೇರೆಯೇ ಮಾತಾಡಿದೆ. ಮನೆಯಲ್ಲಿ ಸಂಜೆ ಏಳರವರೆಗೆ ಅವರನ್ನು ಯಾರೂ ಏನೂ ಕೇಳುವುದಿಲ್ಲ. ಮೊಮ್ಮಗನ ಕಿವಿಯಲ್ಲಿ ಸದಾ ಇಯರ್‌ಫೋನು. ಅವರಿಗೆ ಹೊತ್ತು ಕಳೆಯಲು ಏನಾದರೂ ಕೊಡಿ ಎನ್ನಲಿಲ್ಲ. ದಿನಕ್ಕೊಮ್ಮೆ ಅವರಿಗೇ ಗೊತ್ತಿರುವ ಏನನ್ನಾದರೂ ಕೇಳಿ ಎಂದೆ. ಮಾಸ್ತರಿಗೆ ಬೆಳಗಿನ ಹೊತ್ತು ಒಂದೇ ಒಂದು ಕಾಗದ, ಬದುಕಿರುವ ಸಹೋದ್ಯೋಗಿಗೋ ನೆಂಟರಿಗೋ. 'ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂಬ ಹಳೆಯ ಸಿದ್ಧ ವಾಕ್ಯವೇ ಸಾಕು ಎಂದೆ.

ಎಲ್ಲರೂ ಮಾಸ್ತರ ಹಾಗೆ ಉರಿಯುವುದಿಲ್ಲ. 'ಡಿಯರ್ ಕ್ಯಾಂಡಿಡೇಟ್' ಓದಿ ಕಣ್ಣೀರು ಹಾಕಿದ ಇಂಜಿನಿಯರ್ ಹುಡುಗಿಯನ್ನು ಕಂಡಿದ್ದೇನೆ. 'ಗೌರವಾನ್ವಿತ ಪ್ರೊಫೆಸರ್' ಎಂದು ಬಂದ ಮೇಲ್‌ಗೆ ಉಬ್ಬಿ, ಹೆಸರೇ ಕೇಳದ ಪತ್ರಿಕೆಗೆ ಲೇಖನದ ಜತೆ ಶುಲ್ಕವನ್ನೂ ಕಳಿಸಿದ ಸಂಶೋಧನಾ ವಿದ್ಯಾರ್ಥಿಯನ್ನೂ. ಹೆಚ್ಚಿನವರು ಓದದೆ ಅಳಿಸುತ್ತಾರೆ. ಅವರು ನನ್ನ ತನಕ ಬರುವುದಿಲ್ಲ.

ಆರನೇ ಭೇಟಿಗೆ ಬಂದಾಗ ಡಿಸೆಂಬರ್. ಸ್ಪ್ಯಾಮ್ ಫೋಲ್ಡರಿಗೆ ಈಗ ಮನೆಯಲ್ಲಿ 'ಆರ್‌ಎಲ್‌ಓ' ಎಂದೇ ಹೆಸರಂತೆ, ಅದೇ ಆ ರಿಟರ್ನ್ಡ್ ಲೆಟರ್ ಆಫೀಸು. ಬೆಳಗಿನ ಸಾರ್ಟಿಂಗ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿದ್ದೆ ಹಾಗೇ ಇದೆ, ಮೂರಕ್ಕೆ ಎಚ್ಚರವಾಗುವುದು ನಿಂತಿಲ್ಲ. ನವೆಂಬರಿನಲ್ಲಿ ಜೀವಿತ ಪ್ರಮಾಣ ಪತ್ರಕ್ಕೆ ಖುದ್ದು ಬ್ಯಾಂಕಿಗೆ ಹೋಗಿ ಬಂದಿದ್ದರು.

"ಹೆಸರು ಕರೆದರಾ?" ಎಂದು ಕೆಣಕಿದೆ.

"ಇಲ್ಲ. ಟೋಕನ್ ಕೊಟ್ಟಿದ್ರು. ನಲವತ್ತೇಳು ಅಂತ ಕೂಗಿದ್ಲು ಹುಡುಗಿ. ಎದ್ದು ಹೋದೆ."