ನಿಮ್ಮ ಲೇಖನದಲ್ಲಿ ಬ್ರೆಡ್ಡೇ ಇಲ್ಲ

ನಮಸ್ಕಾರ.

ನೀವು ಕಳಿಸಿದ ‘ಅಬ್ಬರದ ಬಲೂನು’ ಲೇಖನ ತಲುಪಿತು. ಎರಡು ಸಲ ಓದಿದೆ. ರಾಜಧಾನಿಯವರು ಪ್ರತಿ ವರ್ಷ ಜಿಲ್ಲೆಗಳಲ್ಲಿ ಚೀಟಿ ಎತ್ತಿ ಮಕ್ಕಳನ್ನು ಆರಿಸಿ, ಒಬ್ಬರೇ ಉಳಿಯುವವರೆಗೆ ಬಡಿದಾಡಿಸಿ ಟಿವಿಯಲ್ಲಿ ತೋರಿಸುವ ಆಟದ ಕತೆ ‘ದಿ ಹಂಗರ್ ಗೇಮ್ಸ್’. ಈ ಕಾದಂಬರಿಯನ್ನು ಎಲ್ಲರೂ ಹೊಗಳಿದರು, ನೀವೂ ಓದಿದಿರಿ, ಅಂಥ ವಿಶೇಷವೇನೂ ಕಾಣಲಿಲ್ಲ. ನಿಮ್ಮ ಲೇಖನದ ಸಾರ ಇಷ್ಟು. ಮೊದಲೇ ಹೇಳಿಬಿಡುತ್ತೇನೆ, ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಪುಸ್ತಕ ನಿಮಗೆ ಹಿಡಿಸಲಿಲ್ಲ ಅಂತ ಹೀಗೆ ಹೇಳುತ್ತಿಲ್ಲ. ಹೊಗಳಿ ಬರೆದವು ನನ್ನ ಮೇಜಿನ ಮೇಲೆ ರಾಶಿ ಬಿದ್ದಿವೆ. ಜಗಳ ಆಡುವವರು ಸಿಕ್ಕರೆ ನನಗೆ ಖುಷಿಯೇ.

ಒಂಬತ್ತು ಪುಟಗಳಲ್ಲಿ ಮೊದಲ ನಾಲ್ಕು ಪುಟ ಗದ್ದಲಕ್ಕೇ ಹೋಗಿದೆ. ಯಾರು ಹೊಗಳಿದರು, ಸಿನಿಮಾ ಹೇಗೆ ಓಡಿತು, ಸ್ನೇಹಿತರು ‘ಇನ್ನೂ ಓದಿಲ್ವಾ?’ ಅಂತ ಹೇಗೆ ಹಂಗಿಸಿದರು. ನಡುವೆ ಡಿಸ್ಟೋಪಿಯಾದ, ಅಂದರೆ ಕೆಟ್ಟುಹೋದ ಸಮಾಜವನ್ನು ಕಲ್ಪಿಸುವ ಕತೆಗಳ ಚರಿತ್ರೆ ಬೇರೆ. 1516ರಲ್ಲಿ ಥಾಮಸ್ ಮೋರ್ ಬರೆದ ‘ಯುಟೋಪಿಯಾ’ದಿಂದ ಹೊರಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು, ಈ ಕಾದಂಬರಿ ಬಂದ 2008ನ್ನು ನೀವು ಮುಟ್ಟುವ ಹೊತ್ತಿಗೆ ಓದುವವರು ಎದ್ದು ಹೋಗಿರುತ್ತಾರೆ. ಅಂದ ಹಾಗೆ, ಈ ಬಗೆಯ ಕಾದಂಬರಿ ಆರ್ವೆಲ್‌ರ ‘1984’ರಿಂದ ಶುರುವಾಯಿತು ಅಂದಿದ್ದೀರಿ. ಅದು ಬಂದದ್ದು 1949ರಲ್ಲಿ. ನಿಮ್ಮದೇ ಪಟ್ಟಿಯಲ್ಲಿರುವ ಹಕ್ಸ್ಲಿಯ ‘ಬ್ರೇವ್ ನ್ಯೂ ವರ್ಲ್ಡ್’ 1932ರದ್ದು. ಅದಕ್ಕೂ ಮೊದಲು, 1924ರಲ್ಲೇ, ರಷ್ಯಾದ ಝಮ್ಯಾಟಿನ್ ಬರೆದ ‘ವಿ’ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇದನ್ನು ತಿದ್ದುತ್ತ ಕೂರಬೇಡಿ. ಆ ಭಾಗವನ್ನೇ ಕಿತ್ತುಹಾಕಿ.

ಐದನೇ ಪುಟದಲ್ಲಿ ನಾನು ತಡೆದು ನಿಂತೆ. ಗುಲಾಬಿ ತೋಟದಲ್ಲಿ ಅಧ್ಯಕ್ಷ ಸ್ನೋ ಆಟದ ಮೇಲ್ವಿಚಾರಕನಿಗೆ ಬುದ್ಧಿ ಹೇಳುವ ದೃಶ್ಯ ‘ಕಾದಂಬರಿಯಲ್ಲಿ ಮೆಚ್ಚಬಹುದಾದ ಒಂದೇ ಜಾಗ’ ಅಂದಿದ್ದೀರಿ. ಆ ದೃಶ್ಯ ಕಾದಂಬರಿಯಲ್ಲಿ ಇಲ್ಲ. 2012ರ ಸಿನಿಮಾದಲ್ಲಿದೆ. ಕಾದಂಬರಿಯಲ್ಲಿ ಇರುವುದಕ್ಕೆ ದಾರಿಯೂ ಇಲ್ಲ. ಇಡೀ ಕತೆಯನ್ನು ಹದಿನಾರರ ಹುಡುಗಿ ಕ್ಯಾಟ್ನಿಸ್ ‘ನಾನು’ ಅಂತ ಹೇಳುತ್ತಾಳೆ, ಅದೂ ವರ್ತಮಾನಕಾಲದಲ್ಲಿ, ಈಗ ನಡೆಯುತ್ತಿರುವ ಹಾಗೆ. ಅವಳ ಕಣ್ಣಿಗೆ ಬೀಳದ್ದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ಆಡಿಸುವವರು ಒಳಗೆ ಕೂತು ಏನು ಮಾತಾಡಿಕೊಂಡರು ಅಂತ ಅವಳಿಗೆ ಗೊತ್ತಿಲ್ಲ, ನಮಗೂ ಇಲ್ಲ. ಪುಸ್ತಕದ ಭಯ ಹುಟ್ಟುವುದು ಅಲ್ಲಿಂದಲೇ ಅಲ್ವಾ?

ನೀವು ಪುಸ್ತಕ ಓದಿಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕ್ಯಾಟ್ನಿಸ್ ತೊಡುವ ಹಕ್ಕಿಯ ಪಿನ್ನನ್ನು ಮೇಯರ್ ಮಗಳು ಕೊಡುವುದನ್ನು ಸರಿಯಾಗಿ ಬರೆದಿದ್ದೀರಿ. ಸಿನಿಮಾ ಮಾತ್ರ ನೋಡಿದವರಿಗೆ ಆ ಹುಡುಗಿಯ ಪರಿಚಯವೇ ಇರುವುದಿಲ್ಲ. ಪುಸ್ತಕ ಓದಿದಿರಿ, ಆಮೇಲೆ ಸಿನಿಮಾ ನೋಡಿದಿರಿ, ಬರೆಯುವಾಗ ಪುಸ್ತಕ ಕೈಯಲ್ಲಿರಲಿಲ್ಲ. ಹೀಗೇ ಆಗಿರಬೇಕು. ನನಗೂ ಒಮ್ಮೆ ಹೀಗಾಗಿದೆ, ಅಚ್ಚಾದ ಮೇಲೆ ಗೊತ್ತಾಯಿತು. ಆ ಸಂಚಿಕೆಯನ್ನು ನಾನು ಇವತ್ತಿಗೂ ತೆರೆಯುವುದಿಲ್ಲ.

ಈ ಕಲಸುಮೇಲೋಗರದಿಂದ ನಿಮಗೆ ಆದ ನಷ್ಟ ದೊಡ್ಡದು. ರೂ ಎಂಬ ಪುಟ್ಟ ಹುಡುಗಿ ಸತ್ತಾಗ ಅವಳ ಜಿಲ್ಲೆಯಲ್ಲಿ ದಂಗೆ ಏಳುವುದು ‘ಅತಿ ನಾಟಕೀಯ’ ಅಂತ ಬೈದಿದ್ದೀರಿ. ದಂಗೆಯೂ ಸಿನಿಮಾದ್ದೇ. ಪುಸ್ತಕದಲ್ಲಿ ಆಗ ಬರುವುದು ಒಂದು ಬ್ರೆಡ್ಡು. ಬೆಳ್ಳಿಬಣ್ಣದ ಪ್ಯಾರಾಚೂಟಿನಲ್ಲಿ ಇಳಿಯುವ, ಪಡಿತರದ ಹಿಟ್ಟಿನ, ಅರ್ಧಚಂದ್ರದ ಆಕಾರದ ಕಪ್ಪು ಬ್ರೆಡ್ಡು. ಹನ್ನೊಂದನೇ ಜಿಲ್ಲೆಯ ಜನ ತಮಗೇ ಹೊಟ್ಟೆಗಿಲ್ಲದಾಗ ಕಾಸಿಗೆ ಕಾಸು ಕೂಡಿಸಿ ರೂಗೆಂದು ಕೊಂಡದ್ದು. ಅವಳು ಸತ್ತ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳದೆ ಬೇರೆ ಜಿಲ್ಲೆಯ ಕ್ಯಾಟ್ನಿಸ್‌ಗೆ ಕೊಡಿಸುತ್ತಾರೆ. ಒಂದು ಜಿಲ್ಲೆ ತನ್ನದಲ್ಲದ ಮಗುವಿಗೆ ಊಟ ಕಳಿಸಿದ್ದು ಅವಳಿಗೆ ತಿಳಿದ ಮಟ್ಟಿಗೆ ಅದೇ ಮೊದಲು. ಆ ಬ್ರೆಡ್ಡಿಗೆ ಎಷ್ಟು ಜನ ಉಪವಾಸ ಬಿದ್ದಿರಬಹುದು ಅಂತ ಅವಳು ಯೋಚಿಸುತ್ತಾಳೆ. ಕಲ್ಲು ತೂರಾಟವಿಲ್ಲ, ಬೆಂಕಿಯಿಲ್ಲ. ನನಗಂತೂ ಇಡೀ ಪುಸ್ತಕದಲ್ಲಿ ಎದೆ ಹಿಂಡಿದ್ದು ಅಲ್ಲಿ. ನಿಮ್ಮ ಒಂಬತ್ತು ಪುಟದಲ್ಲಿ ಆ ಬ್ರೆಡ್ಡಿನ ಸುಳಿವೇ ಇಲ್ಲ.

ಆದರೆ ಆರನೇ ಪುಟದಲ್ಲಿ ಒಂದು ದೂರಿದೆ: ‘ಎಲ್ಲಿ ನೋಡಿದರೂ ತಿನ್ನುವ ಮಾತೇ, ಬೇಸರವಾಗುತ್ತದೆ.’ ನೀವು ಬಾಗಿಲವರೆಗೆ ಹೋಗಿ ತಟ್ಟದೆ ಬಂದಿದ್ದೀರಿ ಅಂತ ನನಗನ್ನಿಸಿದ್ದು ಇದನ್ನು ಓದಿದಾಗ. ಪುಸ್ತಕದ ಹೆಸರಲ್ಲೇ ಹಸಿವಿದೆ. ಆ ದೇಶದ ಹೆಸರು ಪನೆಮ್. ಲ್ಯಾಟಿನ್‌ನಲ್ಲಿ ‘ಬ್ರೆಡ್’ ಅಂತಲೇ ಅರ್ಥ. ಜನರಿಗೆ ಬ್ರೆಡ್ಡು ಮತ್ತು ಆಟ ಕೊಟ್ಟರೆ ಸಾಕು, ಬೇರೇನೂ ಕೇಳುವುದಿಲ್ಲ ಅಂತ ರೋಮಿನ ಕವಿ ಜುವೆನಲ್ ಚುಚ್ಚಿದ್ದ. ಅಲ್ಲಿಂದ ಎತ್ತಿದ ಹೆಸರು ಇದು. ಈ ಸರಣಿಯ ಮೂರನೇ ಪುಸ್ತಕದಲ್ಲಿ ಒಂದು ಪಾತ್ರ ಇದನ್ನು ಬಿಡಿಸಿಯೇ ಹೇಳುತ್ತದೆ. ರಾಜಧಾನಿಯವರ ಹೆಸರುಗಳು ‘ವಿಚಿತ್ರ’ ಅಂದಿರಲ್ಲ, ಸೀಸರ್, ಸೆನೆಕಾ, ಸಿನ್ನಾ, ಎಲ್ಲ ರೋಮಿನವೇ. ಹುಡುಗಿಯ ಹೆಸರು ಮಾತ್ರ ನೀರಲ್ಲಿ ಬೆಳೆಯುವ ಒಂದು ಗಿಡದ್ದು, ಅದರ ಗೆಡ್ಡೆ ತಿನ್ನಬಹುದು. ಬೇಕರಿಯ ಹುಡುಗ ಪೀಟ ಅವಳ ಬದುಕಿಗೆ ಬರುವುದೂ ಬ್ರೆಡ್ಡಿನಿಂದ. ಹಸಿದು ಮಳೆಯಲ್ಲಿ ಕೂತವಳಿಗೆ ಸೀದ ಬ್ರೆಡ್ಡು ಎಸೆಯುತ್ತಾನೆ. ಬೇಕಂತಲೇ ಸೀಯಿಸಿ ತಾಯಿಯಿಂದ ಹೊಡೆತ ತಿಂದಿರಬಹುದು ಅಂತ ಅವಳಿಗೆ ಆಮೇಲೆ ಹೊಳೆಯುತ್ತದೆ. ನಿಮಗೆ ಬೇಸರ ತಂದದ್ದನ್ನೇ ಎಳೆ ಹಿಡಿದಿದ್ದರೆ ಬೇರೆ ಲೇಖನವೇ ಆಗುತ್ತಿತ್ತು. ಇಷ್ಟೆಲ್ಲ ಆದ ಮೇಲೂ ‘ತಿನ್ನುವ ಮಾತು ಅತಿಯಾಯಿತು’ ಅನ್ನಿಸಿದರೆ ಅನ್ನಿ. ಆಗ ನಿಮ್ಮ ಮಾತಿಗೆ ತೂಕ ಇರುತ್ತದೆ.

ಕ್ಯಾಟ್ನಿಸ್‌ಳ ತಂಗಿಯ ಚೀಟಿ ಎತ್ತುವ ಜಾಗಕ್ಕೆ ಬರೋಣ. ‘ಸಾವಿರಾರು ಚೀಟಿಗಳಲ್ಲಿ ತಂಗಿಯ ಹೆಸರೇ ಬರುವುದು ಲೇಖಕಿಯ ಸೋಮಾರಿತನ’ ಅಂದಿದ್ದೀರಿ. ಪುಸ್ತಕ ಅಲ್ಲಿ ಹಾಕುವ ಲೆಕ್ಕವನ್ನು ನೀವು ಹಾರಿಸಿಬಿಟ್ಟಿದ್ದೀರಿ. ಹನ್ನೆರಡು ತುಂಬಿದಾಗ ಒಂದು ಚೀಟಿ, ಹದಿಮೂರಕ್ಕೆ ಎರಡು, ಹೀಗೆ ಹದಿನೆಂಟಕ್ಕೆ ಏಳು. ಇದು ಎಲ್ಲ ಮಕ್ಕಳಿಗೂ. ಬಡವರ ಮಕ್ಕಳು ಬೇಕಿದ್ದರೆ ಹೆಚ್ಚಿನ ಚೀಟಿ ಹಾಕಬಹುದು. ಒಂದು ಚೀಟಿಗೆ ಒಬ್ಬರಿಗೆ ವರ್ಷಕ್ಕಾಗುವಷ್ಟು ಕಾಳು, ಎಣ್ಣೆ, ಅದೂ ಅರೆಹೊಟ್ಟೆಗೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ ಹಾಕಬಹುದು. ಹಾಕಿದ್ದು ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಹೀಗೆ ಹದಿನಾರರ ಕ್ಯಾಟ್ನಿಸ್ ಹೆಸರಲ್ಲಿ 20 ಚೀಟಿ, ಐದು ಜನರ ಮನೆಯನ್ನು ಸಾಕುವ ಅವಳ ಗೆಳೆಯ, ಹದಿನೆಂಟರ ಗೇಲ್ ಹೆಸರಲ್ಲಿ 42. ತಂಗಿಗೆ ಹೆಚ್ಚಿನ ಚೀಟಿ ಹಾಕಲು ಅಕ್ಕ ಬಿಟ್ಟಿಲ್ಲ. ಅವಳದು ಒಂದೇ ಒಂದು. ಬರುವುದು ಆ ಒಂದು.

ಇದು ಆಕಸ್ಮಿಕ, ಒಪ್ಪುತ್ತೇನೆ. ಆದರೆ ಇಂಥ ಆಕಸ್ಮಿಕ ಆ ಸರ್ಕಾರಕ್ಕೆ ಬೇಕು. ಪ್ರತಿ ವರ್ಷ 42 ಚೀಟಿಯವನ ಹೆಸರೇ ಬಂದರೆ ಆಟದ ಮೋಸ ಕುರುಡರಿಗೂ ಕಂಡೀತು. ಆಗಾಗ ಒಂದು ಚೀಟಿಯ ಮಗುವೂ ಸಿಕ್ಕಿಬಿದ್ದರೆ ‘ನೋಡಿ, ಎಲ್ಲ ಅದೃಷ್ಟದ ಆಟ’ ಅಂತ ಹೇಳಬಹುದು. ಹಸಿವಿಗೆ ಬಡ್ಡಿ ಕಟ್ಟಿಸಿಕೊಂಡು ಅದಕ್ಕೆ ಅದೃಷ್ಟ ಅಂತ ಹೆಸರಿಡುವುದು! ನನ್ನ ಓದು ತಪ್ಪಿರಬಹುದು. ನೀವು ಒಡೆದು ಹಾಕಿ. ಆದರೆ ಲೆಕ್ಕ ಮುಂದಿಟ್ಟುಕೊಂಡು ಒಡೆಯಿರಿ.

ಜಪಾನಿನ ‘ಬ್ಯಾಟಲ್ ರಾಯಲ್’ನ ನಕಲು ಅಂತ ಒಂದೇ ಸಾಲಿನಲ್ಲಿ ತೀರ್ಪು ಕೊಟ್ಟಿದ್ದೀರಿ. ಆ ಪುಸ್ತಕ ಓದಿದ್ದೀರಾ? ನಿಮ್ಮ ಲೇಖನದಿಂದ ಗೊತ್ತಾಗುವುದಿಲ್ಲ. 1999ರ ಆ ಕಾದಂಬರಿಯಲ್ಲೂ ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲಬೇಕು, ನಿಜ. ಅಲ್ಲಿ ಕೊಲ್ಲುವವರು ಒಂದೇ ತರಗತಿಯಲ್ಲಿ ಕೂತು ಪಾಠ ಕೇಳಿದವರು. ಇಲ್ಲಿ ಹೆಚ್ಚಿನವರು ಅಪರಿಚಿತರು, ಕ್ಯಾಮೆರಾ ಮುಂದೆ ಚೆನ್ನಾಗಿ ಕಾಣಿಸಿದರೆ ಊಟ, ಔಷಧ ಸಿಗುತ್ತದೆ. ತನ್ನ ಹಸ್ತಪ್ರತಿ ಕೊಡುವವರೆಗೆ ಆ ಪುಸ್ತಕದ ಹೆಸರೇ ಕೇಳಿರಲಿಲ್ಲ ಅಂತ ಲೇಖಕಿ ಸುಝಾನ್ ಕಾಲಿನ್ಸ್ ಹೇಳಿದ್ದಾರೆ. ಏಳು ಹುಡುಗರು, ಏಳು ಹುಡುಗಿಯರನ್ನು ರಾಕ್ಷಸನಿಗೆ ಕಳಿಸುವ ಗ್ರೀಕರ ಥೀಸಿಯಸ್ ಕತೆಯ ಋಣವನ್ನು ಅವರೇ ಒಪ್ಪಿಕೊಂಡಿದ್ದಾರೆ. ಎರಡನ್ನೂ ಓದಿ ಹೋಲಿಸಿ, ಇಲ್ಲವೇ ಆ ಸಾಲು ತೆಗೆಯಿರಿ. ಕೇಳಿದ ಮಾತನ್ನು ಕಂಡ ಹಾಗೆ ಬರೆಯಬಾರದು.

ನೀವು ಗೆದ್ದಿರುವ ಜಾಗಗಳೂ ಇವೆ. ರಾಜಧಾನಿಯ ಜನ ಬಣ್ಣ ಬಳಿದ ಬೊಂಬೆಗಳು, ಅವರಲ್ಲಿ ಹೆಚ್ಚಿನವರಿಗೆ ಒಳಗು ಅಂತ ಇಲ್ಲ ಅಂದಿದ್ದೀರಿ. ಸರಿ. ಕೊನೆಗೆ ಸತ್ತ ಮಕ್ಕಳ ಕಣ್ಣು ಹೊತ್ತು ಬರುವ ಮೃಗಗಳು ಅತಿಯಾಯಿತು, ಅದೂ ಸರಿ. ಒಂದೇ ಜಿಲ್ಲೆಯ ಇಬ್ಬರೂ ಗೆಲ್ಲಬಹುದು ಅಂತ ನಿಯಮ ಬದಲಿಸಿ, ಆಮೇಲೆ ಅದನ್ನೇ ವಾಪಸ್ ಪಡೆಯುವಾಗ ಲೇಖಕಿಯ ಕೈಯಲ್ಲಿರುವ ದಾರ ಕಾಣುತ್ತದೆ ಅಂತ ಬರೆದದ್ದು ಬಹಳ ಚೆನ್ನಾಗಿದೆ. (ದಾರ ಆಡಿಸುವವರ ಕೈಯಲ್ಲೇ ಇದೆಯಲ್ಲ, ಕಾಣಲಿ ಬಿಡಿ, ಅಂತ ನಾನು ವಾದಿಸಬಲ್ಲೆ. ಆದರೆ ಲೇಖನ ನಿಮ್ಮದು.) ಈ ಒಂದೂವರೆ ಪುಟ ಹಾಗೇ ಇರಲಿ.

ಈಗ ಏಳನೇ ಪುಟದ ಮೂರು ಸಾಲು. ನಿಮ್ಮದೇ ಸಾಲುಗಳು: ‘ರಾತ್ರಿ ಎರಡು ಗಂಟೆಯಾಗಿತ್ತು. ಇನ್ನೂ ಎಷ್ಟು ಜನ ಉಳಿದಿದ್ದಾರೆ ಅಂತ ಬೆರಳು ಮಡಿಸಿ ಎಣಿಸುತ್ತಿದ್ದೆ. ಮುಂದಿನವನು ಬೇಗ ಸಾಯಲಿ ಅಂತ ಕಾಯುತ್ತಿದ್ದೆ.’ ಇದಾದ ತಕ್ಷಣ ‘ಒಟ್ಟಾರೆ ಕಾದಂಬರಿಯು ಓದುಗನನ್ನು ಹಿಡಿದಿಡುವಲ್ಲಿ ವಿಫಲವಾಗಿದೆ’ ಅಂತ ಬರೆದು ಮುಂದೆ ಹೋಗಿದ್ದೀರಿ. ಅಲ್ರೀ, ಯಾವ ಓದುಗ? ಎರಡು ಗಂಟೆಗೆ ಎದ್ದು ಕೂತು ಹೆಣ ಎಣಿಸುತ್ತಿದ್ದವರು ಯಾರು?

ಟಿವಿಯಲ್ಲಿ ಚಾನೆಲ್ ತಿರುಗಿಸುವಾಗ ಒಂದು ಕಡೆ ರಿಯಾಲಿಟಿ ಷೋ, ಇನ್ನೊಂದು ಕಡೆ ಇರಾಕ್ ಯುದ್ಧ ಕಂಡು, ಎರಡೂ ತಲೆಯಲ್ಲಿ ಕಲಸಿಹೋಗಿ ಈ ಕತೆ ಹುಟ್ಟಿತು ಅಂತ ಕಾಲಿನ್ಸ್ ಹೇಳಿದ್ದಾರೆ. ನಿಮಗೆ ಆ ರಾತ್ರಿ ಆದದ್ದೂ ಅದೇ. ಓದುತ್ತಾ ಓದುತ್ತಾ ನೀವು ರಾಜಧಾನಿಯ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಿರಿ. ಅದು ನಿಮಗೆ ಗೊತ್ತಾಗಿದೆ, ಕಿರಿಕಿರಿಯಾಗಿದೆ, ಆ ಸಿಟ್ಟನ್ನು ಹೊಗಳಿದವರ ಮೇಲೆ ತೀರಿಸಿಕೊಂಡಿದ್ದೀರಿ. ಇದು ನನ್ನ ಊಹೆ. ಸುಳ್ಳಾದರೆ ಬೈದು ಬರೆಯಿರಿ.

ಈ ಕಡೆಯಿಂದ ಬಂದರೆ ಗದ್ದಲದ ಬಗ್ಗೆ ಬರೆದದ್ದಕ್ಕೂ ಕೆಲಸ ಸಿಗುತ್ತದೆ. ಎರಡನೇ ಸಿನಿಮಾ ಬಂದ 2013ರಲ್ಲಿ ಆ ರಾಜಧಾನಿಯ ಹೆಸರಲ್ಲೇ ಮೇಕಪ್ ಸಾಮಾನು ಮಾರಾಟಕ್ಕೆ ಬಂತು. ಯಾರ ವೇಷ ನೋಡಿ ಹೇಸಿಕೊಳ್ಳಬೇಕಿತ್ತೋ ಅವರ ಹಾಗೆ ಕಾಣಲು ಲಿಪ್‌ಸ್ಟಿಕ್! ಮರುವರ್ಷ, 2014ರಲ್ಲಿ, ಥಾಯ್ಲೆಂಡಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಾಗ ಜನ ಇದೇ ಕತೆಯ ಮೂರು ಬೆರಳಿನ ಸಲಾಮು ಮಾಡಿ ಪ್ರತಿಭಟಿಸಿದರು. ಬೆರಳು ಎತ್ತಿದ್ದಕ್ಕೆ ಕೆಲವರನ್ನು ಹಿಡಿದುಕೊಂಡೂ ಹೋದರು. ‘ಇದಕ್ಕೂ ನಿಜ ಜೀವನಕ್ಕೂ ಸಂಬಂಧವಿಲ್ಲ’ ಅಂತ ಎಂಟನೇ ಪುಟದಲ್ಲಿ ಬರೆದಿದ್ದೀರಲ್ಲ, ಅಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ದುಷ್ಕಲ್ಪನಾಲೋಕ’ ಹದಿನಾಲ್ಕು ಸಲ ಬಂದಿದೆ. ಡಿಸ್ಟೋಪಿಯಾ ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ‘ಮಕ್ಕಳ ಪುಸ್ತಕ, ಹಾಗಾಗಿ ಸರಳ’ ಅನ್ನುವ ಮಾತೂ ಬೇಡ. ಚೀಟಿಯಲ್ಲಿ ಹೆಸರಿರುವುದು ಹನ್ನೆರಡರಿಂದ ಹದಿನೆಂಟರವರದು. ಓದಲಿ ಅಂತ ಬರೆದದ್ದೂ ಅವರಿಗೇ.

ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಬರೆದು ಕಳಿಸಿ. 1,200 ಪದ ಸಾಕು. ರಾತ್ರಿ ಎರಡು ಗಂಟೆಯಿಂದ ಶುರು ಮಾಡಿ. ಸಿನಿಮಾ ಬೇಕಿದ್ದರೆ ಬರಲಿ, ಆದರೆ ಸಿನಿಮಾ ಅಂತ ಹೇಳಿಕೊಂಡು ಬರಲಿ. ಪುಸ್ತಕ ಆಗಲೂ ಇಷ್ಟವಾಗದಿದ್ದರೆ ಹಾಗೆಯೇ ಬರೆಯಿರಿ, ನಾನು ಒಂದು ಸಾಲನ್ನೂ ಮೆದು ಮಾಡುವುದಿಲ್ಲ. ತಲೆಬರಹ ಆಮೇಲೆ ನೋಡೋಣ. ‘ಅಬ್ಬರದ ಬಲೂನು’ ಮಾತ್ರ ಬೇಡ.

ಇಂತಿ,
ಸಂಪಾದಕ