ಸ್ವೀಕೃತಿ ಚೀಟಿ ಎಫ್‌ಐಆರ್ ಅಲ್ಲ

ಪ್ರಶ್ನೆ: ಮದುವೆಗೆಂದು ಬೇರೆ ಜಿಲ್ಲೆಗೆ ಹೋಗಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ನಮ್ಮಮ್ಮನ ಸರ ಕಿತ್ತುಕೊಂಡು ಹೋದರು. ಕುತ್ತಿಗೆಗೆ ಗಾಯವಾಗಿದೆ. ಊರಿಗೆ ಬಂದು ಠಾಣೆಗೆ ಹೋದರೆ ‘ಅದು ನಮ್ಮ ಲಿಮಿಟ್ಸ್ ಅಲ್ಲ’ ಎಂದು ಅರ್ಜಿ ತೆಗೆದುಕೊಂಡು ಸ್ವೀಕೃತಿ ಚೀಟಿ ಕೊಟ್ಟು ಕಳಿಸಿದರು. ಮುಂದೇನು?

ಉತ್ತರ: ಆ ಚೀಟಿಯನ್ನು ಎಷ್ಟು ದಿನ ಜೋಪಾನ ಮಾಡಿದರೂ ತನಿಖೆ ಶುರುವಾಗುವುದಿಲ್ಲ. ನಿಮಗೆ ಬೇಕಿರುವುದು ಎಫ್‌ಐಆರ್, ಮತ್ತು ಅದರ ಪ್ರತಿ. ಪ್ರತಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ.

ಲಿಮಿಟ್ಸ್ ಮಾತು ಈಗ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಕಾನೂನಿನ 173ನೇ ಸೆಕ್ಷನ್ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆಯವರೇ ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು.

ಇನ್ನೊಂದು ಮಾತು, ಇದನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ. ದೂರಿನಲ್ಲಿ ‘ಸರ ಕಳುವಾಗಿದೆ’ ಎಂದಷ್ಟೇ ಬರೆಯಬೇಡಿ. ಸರ ಎಳೆದಿದ್ದು, ಕುತ್ತಿಗೆ ಕೊಯ್ದಿದ್ದು, ಯಾವ ಆಸ್ಪತ್ರೆಯಲ್ಲಿ ತೋರಿಸಿದಿರಿ, ಎಲ್ಲವನ್ನೂ ಬರೆಯಿರಿ. ಬರೀ ಸರ ಕಿತ್ತುಕೊಂಡಿದ್ದಕ್ಕೆ 3 ವರ್ಷದವರೆಗೆ ಶಿಕ್ಷೆ, ಅದಕ್ಕಾಗಿ ಗಾಯ ಮಾಡಿದ್ದರೆ ಅದು ಸುಲಿಗೆ, 10 ವರ್ಷದವರೆಗೆ, ಜೀವಾವಧಿಯವರೆಗೂ ಹೋಗಬಹುದು. ‘ಮೊದಲು 14 ದಿನ ವಿಚಾರಣೆ ಮಾಡಿ ನೋಡ್ತೀವಿ’ ಅನ್ನುವ ಅವಕಾಶ ಇರುವುದು 3ರಿಂದ 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ, ಅದೂ ಡಿವೈಎಸ್‌ಪಿ ಅನುಮತಿ ಪಡೆದು. ಸುಲಿಗೆಗೆ ಅದು ಅನ್ವಯಿಸುವುದಿಲ್ಲ. ಒಂದು ಸಾಲು ಬಿಟ್ಟರೆ ಎಷ್ಟು ವ್ಯತ್ಯಾಸ ನೋಡಿ.

ಆಗಲೂ ಒಪ್ಪದಿದ್ದರೆ ಜಿಲ್ಲಾ ಎಸ್‌ಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಎಸ್‌ಪಿಗೆ ಬರೆಯದೆ ನೇರ ಕೋರ್ಟಿಗೆ ಹೋದರೆ ಅರ್ಜಿ ನಿಲ್ಲುವುದು ಕಷ್ಟ.

ಅಮ್ಮನನ್ನು ಹೇಳಿಕೆಗೆಂದು ಠಾಣೆಗೆ ಅಲೆಸುವಂತಿಲ್ಲ, ಹೆಂಗಸರ ಹೇಳಿಕೆಯನ್ನು ಪೊಲೀಸರೇ ಮನೆಗೆ ಬಂದು ಪಡೆಯಬೇಕು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸುವುದೂ ಅವರ ಕೆಲಸವೇ. ಸರ ಸಿಕ್ಕಿದರೆ ಕೇಸ್ ಮುಗಿಯುವವರೆಗೆ ಕಾಯಬೇಕಿಲ್ಲ, ಬಾಂಡ್ ಬರೆದುಕೊಟ್ಟು ಕೋರ್ಟಿನಿಂದ ಬಿಡಿಸಿಕೊಳ್ಳಬಹುದು. ಅಂಗಡಿ ಬಿಲ್ ಇಲ್ವಾ? ಅಮ್ಮ ಅದೇ ಸರ ಹಾಕಿಕೊಂಡಿರುವ ಹಳೇ ಫೋಟೋ ಹುಡುಕಿಡಿ.

ಪ್ರಶ್ನೆ: ನನ್ನ ತಮ್ಮನಿಗೆ ಹೊಡೆದವರನ್ನು ಮ್ಯಾಜಿಸ್ಟ್ರೇಟ್ ಕೋರ್ಟು ಖುಲಾಸೆ ಮಾಡಿದೆ. ಸರ್ಕಾರ ಮೇಲ್ಮನವಿ ಹಾಕುವ ಲಕ್ಷಣ ಕಾಣುತ್ತಿಲ್ಲ. ನಾವೇ ಹಾಕಬಹುದಾ?

ಉತ್ತರ: ಧಾರಾಳವಾಗಿ, ನಿಮ್ಮ ತಮ್ಮನ ಹೆಸರಿನಲ್ಲೇ, ಸೆಷನ್ಸ್ ಕೋರ್ಟಿಗೆ. ಸರ್ಕಾರದ ದಾರಿ ಕಾಯಬೇಡಿ. ಸಂತ್ರಸ್ತರ ಮೇಲ್ಮನವಿಗೆ ಮೊದಲೇ ಕೋರ್ಟಿನ ಅನುಮತಿ ಕೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದ್ದು ನಮ್ಮ ಕರ್ನಾಟಕದ್ದೇ ಒಂದು ಕೇಸಿನಲ್ಲಿ. ಆದರೆ ಈ ದಾರಿ ಇರುವುದು ಖುಲಾಸೆಯಾದಾಗ, ಸಣ್ಣ ಅಪರಾಧಕ್ಕೆ ಇಳಿಸಿದಾಗ ಅಥವಾ ಪರಿಹಾರ ಕಡಿಮೆಯಾದಾಗ. ಶಿಕ್ಷೆ ಸಾಲದು ಎಂದು ಹೋಗಲು ಬರುವುದಿಲ್ಲ. ಇವತ್ತೇ ತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ವಕೀಲರ ಫೀಸು ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಎಸ್‌ಸಿ, ಎಸ್‌ಟಿಯವರಿಗೆ, ಹೆಂಗಸರಿಗೆ ಆದಾಯ ನೋಡದೆಯೇ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.